ಎರಡನೇ ಕಂಟ್ರೋಲರ್ ಯಾರದು?

ಪ್ರಶ್ನೆ: ನನಗೆ 41 ವರ್ಷ. ಹಾಸನದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಯಜಮಾನರು ಮೂರು ವರ್ಷದಿಂದ ಮಸ್ಕತ್‌ನಲ್ಲಿದ್ದಾರೆ. ವರ್ಷಕ್ಕೊಮ್ಮೆ ರಜೆಗೆ ಬರುತ್ತಾರೆ. ಒಬ್ಬನೇ ಮಗ, ಹದಿನಾಲ್ಕು ವರ್ಷ, ಒಂಬತ್ತನೇ ಕ್ಲಾಸು. ಹೋದ ಸಲ ಬಂದಾಗ ಅವನಿಗೆಂದು ಪ್ಲೇಸ್ಟೇಷನ್ 5 ತಂದರು, ಎರಡು ಕಂಟ್ರೋಲರ್ ಸಮೇತ. ಜೊತೆಗೆ ‘ಇಟ್ ಟೇಕ್ಸ್ ಟೂ’ ಅನ್ನುವ ಆಟ. ಇಬ್ಬರೇ ಸೇರಿ ಆಡಬೇಕಾದ ಆಟವಂತೆ. ಅಪ್ಪ ಮಗ ನಾಲ್ಕೈದು ರಾತ್ರಿ ಕೂತು ಆಡಿದರು, ಅಷ್ಟರಲ್ಲಿ ರಜೆ ಮುಗಿಯಿತು. ಅವರು ಹೋದ ಮೇಲೆ ಎರಡು ವಾರ ಮಗ ಅದನ್ನು ಮುಟ್ಟಲಿಲ್ಲ. ಒಂದು ದಿನ ‘ಅಮ್ಮ, ನೀನು ಬರ್ತೀಯಾ?’ ಅಂದ. ಆಗಲಿ ಎಂದು ಇನ್ನೊಂದು ಕಂಟ್ರೋಲರ್ ನಾನು ಹಿಡಿದೆ.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಆ ಗುಂಡಿಗಳು ನನ್ನ ಕೈಗೆ ಹತ್ತುವುದೇ ಇಲ್ಲ. ನಡೆಯಲು ಹೋದರೆ ಗೋಡೆ ನೋಡಿಕೊಂಡು ನಿಂತಿರುತ್ತೇನೆ, ಜಿಗಿಯಲು ಹೋದರೆ ಕೆಳಗೆ ಬೀಳುತ್ತೇನೆ. ಅವನು ಮೊದಲು ಮೆತ್ತಗೆ ಹೇಳುತ್ತಾನೆ, ಆಮೇಲೆ ಕಿರುಚುತ್ತಾನೆ. ‘ಎಷ್ಟು ಸಲ ಹೇಳ್ಬೇಕಮ್ಮ! ಜಂಪ್, ಆಮೇಲೆ ಡ್ಯಾಶ್!’ ಎನ್ನುತ್ತಾನೆ. ‘ಕೊಡಿಲ್ಲಿ, ನಾನೇ ಮಾಡ್ತೀನಿ’ ಎಂದು ಕಿತ್ತುಕೊಳ್ಳುತ್ತಾನೆ. ಮೊನ್ನೆ ‘ಅಪ್ಪ ಆಗಿದ್ರೆ ಯಾವಾಗ್ಲೋ ಮುಗಿಸಿರ್ತಿದ್ವಿ’ ಅಂದುಬಿಟ್ಟ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ. ಆಟದಲ್ಲಿ ಒಂದು ಮೆತ್ತನೆಯ ಆನೆ ಗೊಂಬೆ ಬರುತ್ತದೆ. ಅದು ಬೇಡ ಬೇಡ ಅಂದರೂ ನಾವಿಬ್ಬರೂ ಸೇರಿ ಎಳೆದುಕೊಂಡು ಹೋಗಿ ಬೀಳಿಸಬೇಕು. ನನಗೆ ಕಣ್ಣಲ್ಲಿ ನೀರು ಬಂತು. ಯಾವಾಗಲೂ ಕಿರುಚುವ ಮಗ ಅವತ್ತು ಒಂದೂ ಮಾತಾಡಲಿಲ್ಲ. ಕಂಟ್ರೋಲರ್ ಸೋಫಾ ಮೇಲಿಟ್ಟು ಎದ್ದು ಹೋದ. ಮಾರನೇ ದಿನ ಊಟಕ್ಕೆ ಕೂತಾಗ ‘ಅಪ್ಪ ವಾಪಸ್ ಬರ್ತಾರಾ? ನಿಮ್ಮಿಬ್ಬರಿಗೂ ಸರಿ ಇದ್ಯಾ?’ ಅಂತ ಕೇಳಿದ. ‘ಥೂ, ಹುಚ್ಚ’ ಎಂದು ನಕ್ಕು ಸಾರು ಬಡಿಸಿದೆ. ಅದಾದ ಮೇಲೆ ನಾವು ಆಡಿಲ್ಲ.

‘ಓದೋ ಹುಡುಗನ ಜೊತೆ ನೀನೂ ಟಿವಿ ಮುಂದೆ ಕೂತ್ಕೊಳ್ತೀಯಲ್ಲ’ ಎಂದು ಅತ್ತೆ ಬೈಯುತ್ತಾರೆ. ಆದರೆ ಆ ಒಂದು ಗಂಟೆ ಬಿಟ್ಟರೆ ಅವನು ನನ್ನ ಜೊತೆ ಮಾತಾಡುವುದೇ ಕಡಿಮೆ. ಆಟ ನಿಲ್ಲಿಸಿಬಿಡಲೇ? ಬೈಸಿಕೊಂಡು ಆಡಲೇ?

– ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗನ ಕಿರುಚಾಟದ ಬಗ್ಗೆ ಬಿಡಿಸಿ ಬರೆದಿದ್ದೀರಿ. ‘ಇನ್ನೊಂದು ಕಂಟ್ರೋಲರ್ ನಾನು ಹಿಡಿದೆ’ ಎಂಬ ಮಾತನ್ನು ಮಾತ್ರ ನಡುವೆ ಹೇಳಿ ದಾಟಿಬಿಟ್ಟಿದ್ದೀರಿ. ನಾನು ನಿಂತದ್ದು ಅಲ್ಲಿ.

ಪ್ಲೇಸ್ಟೇಷನ್ 5ರ ಡಬ್ಬದೊಳಗೆ ಸಾಮಾನ್ಯವಾಗಿ ಬರುವುದು ಒಂದೇ ಕಂಟ್ರೋಲರ್. ಎರಡನೆಯದನ್ನು ನಿಮ್ಮ ಯಜಮಾನರು ಬೇರೆ ದುಡ್ಡು ಕೊಟ್ಟು ತಂದಿದ್ದಾರೆ. ಆಟ ಆರಿಸುವಾಗಲೂ ಒಬ್ಬರೇ ಆಡಲು ಬಾರದ ಆಟವನ್ನೇ ಆರಿಸಿದ್ದಾರೆ. ಇಪ್ಪತ್ತು ದಿನದ ರಜೆಯೋ ಮೂವತ್ತು ದಿನದ್ದೋ, ಇದ್ದಷ್ಟು ದಿನ ಮಗನ ಪಕ್ಕ ಕೂರಬೇಕು ಎಂದು ಆ ಮನುಷ್ಯ ಮೊದಲೇ ಲೆಕ್ಕ ಹಾಕಿಕೊಂಡು ಬಂದಿದ್ದರು. ಅವರು ಹೋದ ಮೇಲೆ ಎರಡು ವಾರ ಹುಡುಗ ಅದನ್ನು ಮುಟ್ಟಲಿಲ್ಲ. ಆಮೇಲೆ ಆ ಜಾಗಕ್ಕೆ ನಿಮ್ಮನ್ನು ಕರೆದ. ಅಪ್ಪನ ನೆನಪಾಗುತ್ತದೆ ಎಂದು ಹದಿನಾಲ್ಕರ ಹುಡುಗರು ಬಾಯಿಬಿಟ್ಟು ಹೇಳುವುದು ಅಪರೂಪ. ನಿಮ್ಮ ಮಗ ತನಗೆ ಬಂದ ರೀತಿಯಲ್ಲಿ ಹೇಳಿದ್ದಾನೆ. ‘ಅಪ್ಪ ಆಗಿದ್ರೆ’ ಎಂಬ ಮಾತು ನಿಮಗೆ ಚುಚ್ಚಿತು, ಚುಚ್ಚಬೇಕಾದ್ದೇ. ಆದರೆ ಅದರಲ್ಲಿ ನಿಮ್ಮ ಕೈಯ ನಿಧಾನಕ್ಕಿಂತ ಅಪ್ಪನ ಖಾಲಿ ಜಾಗದ ಸಂಕಟವೇ ಹೆಚ್ಚಿತ್ತೆಂದು ನನಗನ್ನಿಸುತ್ತದೆ.

ಆದ್ದರಿಂದ ಮೊದಲ ಮಾತು: ಆಟ ನಿಲ್ಲಿಸಬೇಡಿ. ಎರಡನೆಯ ಮಾತು: ಬೈಸಿಕೊಂಡೂ ಆಡಬೇಡಿ. ಇವೆರಡರ ನಡುವೆ ಒಂದು ದಾರಿಯಿದೆ. ಈ ಆಟವನ್ನು ನಾನು ನನ್ನ ಅಕ್ಕನ ಮಗಳ ಜೊತೆ ಕೂತು ಕೊನೆಯವರೆಗೆ ಆಡಿದ್ದೇನೆ. ಎಲ್ಲಿ ಕೈ ತಪ್ಪುತ್ತದೆ, ಎಲ್ಲಿ ಮನಸ್ಸು ನೋಯುತ್ತದೆ, ಎರಡನ್ನೂ ಬಲ್ಲೆ.

ನೀವು ಹಿಡಿದಿರುವ ವಸ್ತು ಎಂಥದ್ದೆಂದು ಸ್ವಲ್ಪ ತಿಳಿದುಕೊಳ್ಳಿ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿರುವ ಹೇಜ್‌ಲೈಟ್ ಎಂಬ ಸ್ಟುಡಿಯೊ 2021ರ ಮಾರ್ಚ್‌ನಲ್ಲಿ ಹೊರತಂದ ಆಟ ಇದು. ನಿರ್ದೇಶಕ ಜೋಸೆಫ್ ಫಾರೆಸ್. ಲೆಬನಾನಿನಲ್ಲಿ ಹುಟ್ಟಿ, ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ ಹುಡುಗನಾಗಿದ್ದಾಗಲೇ ಮನೆಯವರ ಜೊತೆ ಸ್ವೀಡನ್‌ಗೆ ಬಂದವರು. ಆಟಗಳಿಗೆ ಕೈಹಾಕುವ ಮೊದಲು ಸಿನಿಮಾ ಮಾಡುತ್ತಿದ್ದರು. 2013ರಲ್ಲಿ ಅವರು ಮಾಡಿದ ‘ಬ್ರದರ್ಸ್’ ಎಂಬ ಆಟದಲ್ಲಿ ಇಬ್ಬರು ಅಣ್ಣತಮ್ಮಂದಿರು; ಒಂದೇ ಕಂಟ್ರೋಲರ್‌ನ ಎಡಗಡೆಯ ಸ್ಟಿಕ್ ಅಣ್ಣನದು, ಬಲಗಡೆಯ ಸ್ಟಿಕ್ ತಮ್ಮನದು. 2018ರ ‘ಎ ವೇ ಔಟ್’ನಲ್ಲಿ ಜೈಲಿನಿಂದ ತಪ್ಪಿಸಿಕೊಳ್ಳುವ ಇಬ್ಬರು ಕೈದಿಗಳು. 2025ರ ‘ಸ್ಪ್ಲಿಟ್ ಫಿಕ್ಷನ್’ನಲ್ಲಿ ಇಬ್ಬರು ಬರಹಗಾರ್ತಿಯರು. ಇಬ್ಬರ ನಡುವೆ ಏನು ನಡೆಯುತ್ತದೆ ಎಂಬುದನ್ನೇ ಅವರು ಮತ್ತೆ ಮತ್ತೆ ಕೆದಕಿ ನೋಡುತ್ತಾರೆ. ನಿಮ್ಮ ಮನೆಗೆ ಬಂದಿರುವ ಆಟಕ್ಕೆ 2021ರ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ವರ್ಷದ ಶ್ರೇಷ್ಠ ಆಟವೆಂಬ ಪ್ರಶಸ್ತಿ ಸಿಕ್ಕಿತು. ಒಬ್ಬರೇ ಆಡಲು ದಾರಿಯೇ ಇಲ್ಲದ ಆಟಕ್ಕೆ ಆ ಪ್ರಶಸ್ತಿ ಬಂತು ಎನ್ನುವುದನ್ನು ಗಮನಿಸಿ.

ಇನ್ನು ನನ್ನ ಬಾಲ್ಯದ ಒಂದು ವಿಷಯ ಹೇಳುತ್ತೇನೆ, ಅದು ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದೇ. ತೊಂಬತ್ತರ ದಶಕದಲ್ಲಿ ಕ್ಯಾಸೆಟ್ ಸಿಕ್ಕಿಸಿ ಟಿವಿಯಲ್ಲಿ ಆಡುವ ವಿಡಿಯೊ ಗೇಮ್ ನಮ್ಮ ಮನೆಗೂ ಬಂತು. ನಾನೂ ನನ್ನ ಅಣ್ಣನೂ ‘ಕಾಂಟ್ರಾ’ ಆಡುತ್ತಿದ್ದೆವು. ಇಬ್ಬರು ಸೈನಿಕರು ಒಟ್ಟಿಗೆ ಗುಂಡು ಹಾರಿಸುತ್ತಾ ಹೋಗುವ ಆಟ. ಅದರಲ್ಲಿ ಜಲಪಾತದ ಲೆವೆಲ್ ಒಂದಿತ್ತು, ಬಂಡೆಯಿಂದ ಬಂಡೆಗೆ ಜಿಗಿಯುತ್ತಾ ಮೇಲೇರಬೇಕು. ಮುಂದೆ ಹೋದವನ ಜೊತೆಗೇ ಪರದೆಯೂ ಮೇಲೇರುತ್ತಿತ್ತು. ಹಿಂದೆ ಉಳಿದವನ ಕಾಲ ಕೆಳಗಿನ ಬಂಡೆ ಪರದೆಯಿಂದ ಮಾಯವಾಗಿ ಅವನು ಸಾಯುತ್ತಿದ್ದ. ಅಣ್ಣ ಚುರುಕು, ನಾನು ನಿಧಾನ. ಅವನು ಏರಿದಂತೆಲ್ಲ ನಾನು ಸಾಯುತ್ತಿದ್ದೆ. ಅಣ್ಣನಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಆಟವನ್ನು ಕಟ್ಟಿದ್ದೇ ಹಾಗೆ, ನಿಧಾನದವರಿಗೆ ಅದರಲ್ಲಿ ಜಾಗವಿರಲಿಲ್ಲ.

ನಿಮ್ಮ ಆಟದಲ್ಲಿ ಅದು ತಿರುವುಮುರುವು. ಪರದೆಯನ್ನು ನಡುವೆ ಸೀಳಿ ಅರ್ಧ ನಿಮಗೆ, ಅರ್ಧ ಮಗನಿಗೆ ಕೊಟ್ಟಿದ್ದಾರೆ. ಅವನು ಎಷ್ಟು ದೂರ ಓಡಿದರೂ ನಿಮ್ಮ ನೆಲ ನಿಮ್ಮ ಕಾಲ ಕೆಳಗೇ ಇರುತ್ತದೆ. ಇಷ್ಟೇ ಜೀವ ಎಂಬ ಲೆಕ್ಕವಿಲ್ಲ. ಬಿದ್ದರೆ ಕ್ಷಣದಲ್ಲಿ ಎದ್ದು ಬರುತ್ತೀರಿ. ದೊಡ್ಡ ಶತ್ರುವಿನೊಂದಿಗೆ ಹೋರಾಡುವಾಗ ಒಬ್ಬರು ಸತ್ತರೂ ಇನ್ನೊಬ್ಬರು ಉಳಿದಿದ್ದರೆ ಸಾಕು, ಗುಂಡಿ ಒತ್ತುತ್ತಾ ಒತ್ತುತ್ತಾ ಸತ್ತವರು ಮರಳುತ್ತಾರೆ. ಇಬ್ಬರೂ ಒಟ್ಟಿಗೆ ಸತ್ತರೆ ಮಾತ್ರ ಸ್ವಲ್ಪ ಹಿಂದಿನಿಂದ ಮತ್ತೆ ಶುರು. ಆಟಕ್ಕೆ ಅವಸರವೇ ಇಲ್ಲದ ಮೇಲೆ ನಿಮ್ಮ ಮನೆಯಲ್ಲಿ ಅವಸರ ಎಲ್ಲಿಂದ ಬಂತು ಎಂದು ಮಗನ ಜೊತೆ ಕೂತು ಯೋಚಿಸಬಹುದು.

ಇದರ ಇನ್ನೊಂದು ದೊಡ್ಡ ಗುಣ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಶೆಡ್ಡಿನ ಭಾಗದಲ್ಲಿ ಅಪ್ಪನ ಪಾತ್ರವಾದ ಕೋಡಿಯ ಕೈಗೆ ಮೊಳೆ, ಅಮ್ಮನ ಪಾತ್ರವಾದ ಮೇಯ ಕೈಗೆ ಸುತ್ತಿಗೆ. ಅವನು ಮೊಳೆ ಎಸೆದು ಗೋಡೆಗೆ ಚುಚ್ಚಿದರೆ ಅವಳು ಅದಕ್ಕೆ ಸುತ್ತಿಗೆ ಸಿಕ್ಕಿಸಿ ಜೋತಾಡಿ ದಾಟುತ್ತಾಳೆ. ಮರದ ಭಾಗಕ್ಕೆ ಬಂದರೆ ಮೊಳೆಯೂ ಇಲ್ಲ, ಸುತ್ತಿಗೆಯೂ ಇಲ್ಲ. ಅವನಿಗೆ ಅಂಟು ಚಿಮ್ಮುವ ಬಂದೂಕು, ಅವಳಿಗೆ ಬೆಂಕಿಕಡ್ಡಿ ಹಾರಿಸುವ ಬಂದೂಕು. ಅಂಟು ಬಿದ್ದಲ್ಲಿ ಕಡ್ಡಿ ತಗುಲಿದರೆ ಸ್ಫೋಟ. ಮುಂದಿನ ಲೋಕದಲ್ಲಿ ಅವೂ ಹೋಗಿ ಹೊಸದು ಬರುತ್ತದೆ. ಇದರಿಂದ ಏನಾಗುತ್ತದೆಂದರೆ, ಆಡಿ ಆಡಿ ಪಳಗಿದ ನಿಮ್ಮ ಮಗನೂ ಪ್ರತಿ ಅಧ್ಯಾಯದಲ್ಲಿ ಹೊಸದಾಗಿ ಕಲಿಯಬೇಕು. ಒಬ್ಬ ಯಜಮಾನ, ಇನ್ನೊಬ್ಬ ಕೈಯಾಳು ಎಂಬ ವ್ಯವಸ್ಥೆ ಇಲ್ಲಿ ನಿಲ್ಲುವುದಿಲ್ಲ. ಯಾರೊಬ್ಬರ ಸಲಕರಣೆಯಿಂದಲೂ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಆಟದ ನಡುವೆ ಅದು ಕೊಳ್ಳಿ ಇದು ಕೊಳ್ಳಿ ಎಂದು ದುಡ್ಡು ಕೇಳುವ ಕಾಟವೂ ಇಲ್ಲ. ಯುರೋಪಿನ ವರ್ಗೀಕರಣದಲ್ಲಿ ಇದು 12 ವರ್ಷ ದಾಟಿದವರ ಆಟ, ನಿಮ್ಮ ಮಗನ ವಯಸ್ಸಿಗೆ ಸರಿಹೊಂದುತ್ತದೆ.

ಗುಣ ಹೇಳಿದ ಮೇಲೆ ದೋಷವನ್ನೂ ಹೇಳಬೇಕು, ಏಕೆಂದರೆ ನಿಮಗಾಗುತ್ತಿರುವ ಕಷ್ಟದ ಒಂದು ಪಾಲು ಆಟದ್ದೇ. ಯಾರು ಬೇಕಾದರೂ ಕೂತು ಆಡಬಹುದು ಎಂದು ಇದನ್ನು ಹೊಗಳುತ್ತಾರೆ. ಅದು ಪೂರ್ತಿ ನಿಜವಲ್ಲ. ಎಡ ಹೆಬ್ಬೆರಳಿನಲ್ಲಿ ನಡೆಯಬೇಕು, ಬಲ ಹೆಬ್ಬೆರಳಿನಲ್ಲಿ ನೋಟ ತಿರುಗಿಸಬೇಕು, ಅದೇ ಬಲ ಹೆಬ್ಬೆರಳು ಜಿಗಿಯುವ ಗುಂಡಿಗೂ ಓಡಬೇಕು. ಚಿಕ್ಕಂದಿನಿಂದ ಆಡಿದವರಿಗೆ ಇದು ಉಸಿರಾಟದಷ್ಟೇ ಸಹಜ. ಹೊಸಬರು ಗೋಡೆ ನೋಡಿಕೊಂಡು ನಿಲ್ಲುವುದು ಇದೇ ಕಾರಣಕ್ಕೆ. ಸುಲಭ, ಮಧ್ಯಮ, ಕಠಿಣ ಎಂದು ಆರಿಸಿಕೊಳ್ಳುವ ಸೌಲಭ್ಯವನ್ನು ಈ ಆಟದಲ್ಲಿ ಕೊಟ್ಟಿಲ್ಲ. ತಾಯಿಗೊಂದು ಮಟ್ಟ, ಮಗನಿಗೊಂದು ಮಟ್ಟ ಎಂದು ಇಟ್ಟಿದ್ದರೆ ನಿಮ್ಮಂಥ ಎಷ್ಟೋ ಮನೆಗಳಲ್ಲಿ ಜಗಳ ತಪ್ಪುತ್ತಿತ್ತು. ಪರದೆ ಸೀಳುವುದರಿಂದ ಸಣ್ಣ ಟಿವಿಯಲ್ಲಿ ನಿಮ್ಮ ಪಾಲಿನ ಚಿತ್ರ ಇನ್ನೂ ಸಣ್ಣದಾಗುತ್ತದೆ. ಕೋಡಿ, ಮೇ ದಂಪತಿಯ ಮಗಳ ಕೋಣೆಯ ಭಾಗವಂತೂ ತೀರಾ ಉದ್ದ, ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಆಟಿಕೆಯ ಲೋಕ ತೆರೆದುಕೊಳ್ಳುತ್ತದೆ. ನೀವು ದಣಿದದ್ದರಲ್ಲಿ ಆಶ್ಚರ್ಯವಿಲ್ಲ.

ನೀವು ಹೊಲಿಗೆ ಕಲಿತ ಮೊದಲ ದಿನಗಳನ್ನು ನೆನಪು ಮಾಡಿಕೊಳ್ಳಿ. ಕಾಲು ಪೆಡಲ್ ಮೇಲೆ, ಕೈ ಬಟ್ಟೆಯ ಮೇಲೆ, ಕಣ್ಣು ಸೂಜಿಯ ಮೇಲೆ. ಮೂರೂ ಮೂರು ಕಡೆ ಎಳೆಯುತ್ತವೆ. ಚಕ್ರ ಉಲ್ಟಾ ತಿರುಗಿ ದಾರ ಕಿತ್ತುಹೋಗುತ್ತದೆ. ನೇರ ಹೊಲಿಗೆ ಹಾವಿನಂತೆ ಹೋಗುತ್ತದೆ. ಈಗ ಗಿರಾಕಿಯ ಜೊತೆ ಮಾತಾಡುತ್ತಲೇ ಬ್ಲೌಸಿಗೆ ತೋಳು ಕೂಡಿಸುವ ನೀವು ಆ ಕೈಕಾಲು ಹೊಂದಾಣಿಕೆಯನ್ನು ಎಷ್ಟು ತಿಂಗಳಲ್ಲಿ ಪಡೆದಿರಿ? ಎರಡು ಹೆಬ್ಬೆರಳಿನ ಹೊಂದಾಣಿಕೆಯೂ ಅದೇ ಜಾತಿಯದು. ಕಲಿತರೆ ಬರುತ್ತದೆ, ಆದರೆ ಬೈಸಿಕೊಳ್ಳುತ್ತಾ ಕಲಿತರೆ ತಡವಾಗಿ ಬರುತ್ತದೆ.

ಈಗ ಮಾಡಬೇಕಾದ್ದು. ಮಗ ಸ್ಕೂಲಿಗೆ ಹೋದಾಗ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಹದಿನೈದು ನಿಮಿಷ ಒಬ್ಬರೇ ಅಭ್ಯಾಸ ಮಾಡಿ. ‘ಇಟ್ ಟೇಕ್ಸ್ ಟೂ’ನಲ್ಲಿ ಇದು ಆಗದು, ಇನ್ನೊಬ್ಬರಿಲ್ಲದೆ ಅದು ಮುಂದೆ ಸಾಗುವುದಿಲ್ಲ. ಆದರೆ ನಿಮ್ಮ ಪ್ಲೇಸ್ಟೇಷನ್ 5ರೊಳಗೆ ‘ಆಸ್ಟ್ರೋಸ್ ಪ್ಲೇರೂಮ್’ ಎಂಬ ಪುಟ್ಟ ಆಟ ಪುಕ್ಕಟೆಯಾಗಿ ಬಂದಿರುತ್ತದೆ. ಒಂದು ಪುಟಾಣಿ ರೋಬೋ ಓಡಾಡುತ್ತಾ ಜಿಗಿಯುತ್ತಾ ಹೋಗುತ್ತದೆ. ಅದರಲ್ಲಿ ಬಿದ್ದರೂ ಕೇಳುವವರಿಲ್ಲ. ಮೊದಲು ಬರೀ ನಡೆಯುವುದು ಮತ್ತು ನೋಟ ತಿರುಗಿಸುವುದು. ಅದು ಕೈಗೆ ಹತ್ತಿದ ಮೇಲೆ ಜಿಗಿತ. ‘ಇಟ್ ಟೇಕ್ಸ್ ಟೂ’ನಲ್ಲಿ ನೋಟ ತುಂಬ ಜೋರಾಗಿ ಗಿರಕಿ ಹೊಡೆದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾದ ವೇಗ ಕಡಿಮೆ ಮಾಡಿಸಿಕೊಳ್ಳಿ.

ಮಗನ ಜೊತೆ ಮತ್ತೆ ಕೂರುವ ಮೊದಲು ಎರಡೇ ಎರಡು ಕರಾರು ಮಾಡಿಕೊಳ್ಳಿ. ಆಟದ ನಡುವೆ ಸಿಟ್ಟಿನಲ್ಲಿ ಮಾಡಿದ ಕರಾರು ನಿಲ್ಲುವುದಿಲ್ಲ, ಆದ್ದರಿಂದ ಟಿವಿ ಹಾಕುವ ಮೊದಲೇ ಮಾತಾಡಿ. ಒಂದು, ಕಂಟ್ರೋಲರ್ ಕಿತ್ತುಕೊಳ್ಳುವಂತಿಲ್ಲ. ಬಾಯಲ್ಲಿ ಹೇಳಿಕೊಡಬೇಕು, ಕೈಯಿಂದ ಮಾಡಿಕೊಡುವಂತಿಲ್ಲ. ಕಿತ್ತುಕೊಂಡು ದಾಟಿಸಿದರೆ ಆ ಜಾಗ ದಾಟುತ್ತದೆ, ಮುಂದಿನ ಜಾಗದಲ್ಲಿ ನೀವು ಮತ್ತೆ ಅಲ್ಲೇ ಇರುತ್ತೀರಿ. ಎರಡು, ಒಂದೇ ಕಡೆ ಐದು ಸಲ ಬಿದ್ದರೆ ಇಬ್ಬರೂ ಕಂಟ್ರೋಲರ್ ಕೆಳಗಿಟ್ಟು ನೀರು ಕುಡಿಯಬೇಕು. ಇದು ಶಿಕ್ಷೆಯಲ್ಲ, ಇಬ್ಬರಿಗೂ ಬಿಡುವು. ಇವಿಷ್ಟೇ ಸಾಕು. ಹತ್ತು ಕರಾರು ಹಾಕಿದರೆ ಅದು ಇನ್ನೊಂದು ಸ್ಕೂಲಾಗುತ್ತದೆ.

ಅವನು ಕಿರುಚಿದಾಗ ಏನು ಮಾಡುವುದು ಎಂದು ಕೇಳುತ್ತೀರಿ. ತಿರುಗಿ ಕಿರುಚಬೇಡಿ, ಸಹಿಸಿಕೊಂಡು ಕೂರಲೂ ಬೇಡಿ. ಗುಂಡಿ ಒತ್ತಿ ಆಟ ನಿಲ್ಲಿಸಿ. ‘ನೀನು ಕಿರುಚಿದಾಗ ನನ್ನ ಕೈ ಇನ್ನೂ ನಡುಗುತ್ತೆ ಕಣೋ. ಮೆತ್ತಗೆ ಹೇಳು, ಮಾಡ್ತೀನಿ’ ಎಂದು ಇದ್ದದ್ದನ್ನು ಹೇಳಿ. ತಾಯಿಗೆ ನೋವಾಗುತ್ತದೆ ಎಂಬುದು ಆ ವಯಸ್ಸಿನವರಿಗೆ ತಾನಾಗಿ ತಿಳಿಯುವುದಿಲ್ಲ. ನೀವು ನಗುತ್ತಾ ನುಂಗಿಕೊಂಡರೆ ಅವನಿಗೆ ಎಂದೂ ಗೊತ್ತಾಗುವುದಿಲ್ಲ, ರಾತ್ರಿ ನಿದ್ದೆ ಕೆಡುವುದು ನಿಮಗೆ ಮಾತ್ರ.

ಇನ್ನೊಂದು ಉಪಾಯ: ಆಟದಲ್ಲಿನ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ, ಅದೂ ವೇಗವಾಗಿ. ಸಬ್‌ಟೈಟಲ್ ಹಾಕಿಸಿ. ಕಥೆಯ ತುಣುಕು ಬಂದಾಗ ‘ಅವನು ಏನಂದ, ಅವಳಿಗ್ಯಾಕೆ ಸಿಟ್ಟು ಬಂತು’ ಎಂದು ಮಗನನ್ನು ಕೇಳಿ. ಅವನು ಕನ್ನಡದಲ್ಲಿ ಹೇಳಲಿ. ಗಂಡ ಹೆಂಡತಿಯ ಜಗಳವನ್ನು ಅವನು ತನ್ನ ಮಾತಿನಲ್ಲಿ ಹೇಳುವಾಗ ಯಾರ ಪಕ್ಷ ವಹಿಸುತ್ತಾನೆ, ಯಾವುದನ್ನು ಬಿಟ್ಟುಬಿಡುತ್ತಾನೆ ಎಂದು ಕೇಳಿಸಿಕೊಳ್ಳಿ. ನಾನು ಅವನನ್ನು ಸಲಹೆಗೆಂದು ನನ್ನ ಕೋಣೆಯಲ್ಲಿ ಕೂರಿಸಿಕೊಂಡು ಒಂದು ಗಂಟೆ ಮಾತಾಡಿಸಿದರೂ ಸಿಗದ ವಿಷಯ ನಿಮಗೆ ಅಲ್ಲಿ ಸಿಗಬಹುದು. ದಾರಿಯಲ್ಲಿ ಅಲ್ಲಲ್ಲಿ ಒಬ್ಬರ ಮೇಲೊಬ್ಬರು ಗೆಲ್ಲುವ ಪುಟ್ಟ ಪಂದ್ಯಗಳೂ ಸಿಗುತ್ತವೆ, 20ಕ್ಕೂ ಹೆಚ್ಚು ಇವೆ. ಸೋತರೆ ಕಳೆದುಕೊಳ್ಳುವುದು ಏನೂ ಇಲ್ಲ. ಸಿಟ್ಟು ಏರಿದ ದಿನ ಅವನ್ನು ಬಿಟ್ಟು ಮುಂದೆ ಹೋಗಿ, ಖುಷಿಯ ದಿನ ಆಡಿ.

ಈಗ ಆನೆಯ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದು.

ಕಥೆಯ ಆರಂಭ ನಿಮ್ಮ ಯಜಮಾನರು ಇದ್ದಾಗ ನಡೆಯಿತು, ನೀವು ನೋಡಿರಲಿಕ್ಕಿಲ್ಲ. ಕೋಡಿ ಮತ್ತು ಮೇ ವಿಚ್ಛೇದನ ಮಾಡಿಕೊಳ್ಳುತ್ತೇವೆಂದು ತಮ್ಮ ಪುಟ್ಟ ಮಗಳು ರೋಸ್‌ಗೆ ಹೇಳುತ್ತಾರೆ. ಅವಳು ಅಪ್ಪ ಅಮ್ಮನಂತೆ ತಾನೇ ಮಾಡಿಕೊಂಡ ಎರಡು ಗೊಂಬೆಗಳನ್ನು ಹಿಡಿದು ಅಳುತ್ತಾಳೆ. ಒಂದು ಮಣ್ಣಿನದು, ಒಂದು ಮರದ್ದು. ಕಣ್ಣೀರು ಬಿದ್ದು ಅಪ್ಪ ಅಮ್ಮ ಇಬ್ಬರೂ ಆ ಗೊಂಬೆಗಳೊಳಗೆ ಸೇರಿಬಿಡುತ್ತಾರೆ. ಮಗಳ ಕಣ್ಣೀರಿನಿಂದ ಹೀಗಾದದ್ದಾದರೆ ಅವಳನ್ನು ಇನ್ನೊಮ್ಮೆ ಅಳಿಸಿದರೆ ಸರಿಹೋಗಬಹುದು ಎಂದು ಅವರಿಗೆ ಹೊಳೆಯುತ್ತದೆ. ಅದಕ್ಕೇ ಅವಳಿಗೆ ಅತ್ಯಂತ ಪ್ರೀತಿಯ ಕ್ಯೂಟಿ ಎಂಬ ಆನೆಯನ್ನು ಹುಡುಕಿಕೊಂಡು ಹೋಗುತ್ತಾರೆ. ಆ ಆನೆ ಅವರಿಗೆ ಕೇಡು ಬಯಸಿದ್ದಲ್ಲ. ಅದು ಅಂಗಲಾಚುತ್ತದೆ. ಆಡುವ ನಮಗೆ ಬೇರೆ ದಾರಿಯಿಲ್ಲ, ಗುಂಡಿ ಒತ್ತಿ ಎಳೆದರೆ ಮಾತ್ರ ಕಥೆ ಮುಂದೆ. ರೋಸ್ ಅಳುತ್ತಾಳೆ, ಆದರೆ ಗೊಂಬೆಗಳಿಂದ ಅವರಿಗೆ ಬಿಡುಗಡೆ ಮಾತ್ರ ಸಿಗುವುದಿಲ್ಲ.

ತಮ್ಮ ಕೆಲಸ ಸಾಧಿಸಲು ದೊಡ್ಡವರು ಮಗುವಿನ ಕಣ್ಣೀರನ್ನು ಲೆಕ್ಕಕ್ಕಿಡುವುದಿಲ್ಲ ಎಂಬುದನ್ನು ನಮ್ಮ ಕೈಯಿಂದಲೇ ಮಾಡಿಸಿ ತೋರಿಸಿದ್ದು ಈ ಆಟದ ದೊಡ್ಡ ಧೈರ್ಯ. ಆದರೆ ಅಷ್ಟು ಕ್ರೂರವಾದದ್ದನ್ನು ಮಾಡಿಸಿದ ಮೇಲೆ ಕಥೆ ಅದರ ಮುಂದೆ ಬೇಕಾದಷ್ಟು ಹೊತ್ತು ನಿಲ್ಲುವುದಿಲ್ಲ. ಆ ತಂದೆತಾಯಿ ಮಾಡಿದ್ದಕ್ಕೆ ಮರುಗುವುದೂ ಸಾಲದು. ಇದನ್ನು ನಾನು ಆಟದ ಕೊರತೆಯೆಂದೇ ಎಣಿಸುತ್ತೇನೆ. ಆಟ ಅಲ್ಲಿ ಮಾತಾಡದೆ ಬಿಟ್ಟದ್ದನ್ನು ಆಡಿದ ದೊಡ್ಡವರು ಮಾತಾಡಬೇಕು. ನಿಮ್ಮ ಮನೆಯಲ್ಲಿ ಆ ಕೆಲಸ ನಿಮ್ಮದು.

ನಿಮ್ಮ ಮಗ ಮಾರನೇ ದಿನ ಬಾಗಿಲು ತೆರೆದುಕೊಟ್ಟ. ಅಪ್ಪ ವಾಪಸ್ ಬರ್ತಾರಾ, ನಿಮ್ಮಿಬ್ಬರಿಗೂ ಸರಿ ಇದ್ಯಾ ಎಂದು ಕೇಳಿದ. ನೀವು ನಕ್ಕು ಸಾರು ಬಡಿಸಿದಿರಿ. ಅದರಲ್ಲಿ ತಪ್ಪು ಹುಡುಕುವುದಿಲ್ಲ, ಅನ್ನದ ತಟ್ಟೆಯ ಮುಂದೆ ಅಂಥ ಪ್ರಶ್ನೆ ಬಂದರೆ ಯಾವ ತಾಯಿಗಾದರೂ ಗಲಿಬಿಲಿ. ಆದರೆ ಆ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ, ಮತ್ತು ಅದು ಸಿಗದಿರುವಷ್ಟು ದಿನ ಅವನು ಅಲ್ಲೇ ನಿಂತಿರುತ್ತಾನೆ. ಅಪ್ಪ ಅಮ್ಮ ದೂರವಾಗುವುದು ತನ್ನಿಂದಲೇ ಎಂದು ರೋಸ್ ಒಳಗೊಳಗೇ ನಂಬಿರುತ್ತಾಳೆ. ಮಕ್ಕಳು ಹಾಗೆಯೇ, ಕಾರಣ ಹೇಳದಿದ್ದರೆ ತಾವೇ ಕಾರಣವೆಂದುಕೊಳ್ಳುತ್ತಾರೆ. ತನ್ನ ಫೀಸಿಗೆ, ತನ್ನ ಪ್ಲೇಸ್ಟೇಷನ್‌ಗೆ ದುಡ್ಡು ಬೇಕೆಂದು ಅಪ್ಪ ಹೋಗಿದ್ದಾರೆ ಎಂದು ನಿಮ್ಮ ಮಗ ಎಂದಾದರೂ ಯಾರ ಬಾಯಿಂದಾದರೂ ಕೇಳಿರಬಹುದು. ಕೇಳಿದ್ದರೆ ಅದು ಅವನ ತಲೆಯಲ್ಲಿ ಹೇಗೆ ಕೂತಿದೆಯೋ.

ಈ ವಾರವೇ ಒಂದು ಸಂಜೆ, ಟಿವಿ ಆರಿಸಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇರವಾಗಿ ಹೇಳಿ. ಅಪ್ಪ ಯಾಕೆ ಹೋದರು, ಎಷ್ಟು ವರ್ಷ ಅಂದುಕೊಂಡಿದ್ದಾರೆ, ನೀವಿಬ್ಬರೂ ವಾರಕ್ಕೆ ಎಷ್ಟು ಸಲ ಮಾತಾಡುತ್ತೀರಿ, ಏನು ಯೋಚಿಸಿದ್ದೀರಿ. ಗೊತ್ತಿದ್ದಷ್ಟನ್ನು ಗೊತ್ತಿದ್ದಷ್ಟೇ ಹೇಳಿ. ‘ಅಪ್ಪ ದೂರ ಇರೋದಕ್ಕೆ ನೀನು ಕಾರಣ ಅಲ್ಲ’ ಎಂಬ ಮಾತನ್ನು ಅವನು ಕೇಳದಿದ್ದರೂ ಹೇಳಿ. ಗಂಡ ಹೆಂಡತಿಯ ನಡುವೆ ನಿಜವಾಗಿಯೂ ಏನಾದರೂ ಬಿರುಕಿದ್ದರೆ ನನಗೆ ಬೇರೆಯಾಗಿ ಬರೆಯಿರಿ. ಆದರೆ ಆಗಲೂ ಅವನಿಗೆ ಸುಳ್ಳು ಹೇಳಬೇಡಿ. ಎರಡನೇ ಕಂಟ್ರೋಲರ್ ಡಬ್ಬದೊಳಗೆ ಬಂದದ್ದಲ್ಲ, ಅಪ್ಪ ಬೇರೆಯಾಗಿ ಕೊಂಡು ತಂದದ್ದು ಎಂಬುದನ್ನೂ ಹೇಳಿ. ಅವನಿಗೆ ಅದು ಮೊದಲೇ ಗೊತ್ತಿರುತ್ತದೆ. ಅಮ್ಮನಿಗೂ ಗೊತ್ತಿದೆ ಎಂದು ತಿಳಿದರೆ ಅವನಿಗೆ ಎಷ್ಟೋ ಹಗುರವಾಗುತ್ತದೆ.

ಯ‌ಜಮಾನರನ್ನೂ ಇದರೊಳಗೆ ತನ್ನಿ. ಮಸ್ಕತ್‌ನಲ್ಲಿ ಅವರಿಗೂ ಅದೇ ಬಗೆಯ ಕನ್ಸೋಲ್ ಸಿಗುವುದಾದರೆ ‘ಫ್ರೆಂಡ್ಸ್ ಪಾಸ್’ ಎಂಬ ಸೌಲಭ್ಯವಿದೆ: ಒಬ್ಬರ ಬಳಿ ಆಟವಿದ್ದರೆ ಸಾಕು, ಇನ್ನೊಬ್ಬರು ಕೊಳ್ಳದೆಯೇ ಇಂಟರ್‌ನೆಟ್ ಮೂಲಕ ಜೊತೆಗೂಡಬಹುದು. ಸಿಗದಿದ್ದರೂ ಚಿಂತೆಯಿಲ್ಲ. ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಫೋನನ್ನು ಟಿವಿಗೆ ಮುಖ ಮಾಡಿ ನಿಲ್ಲಿಸಿ, ಅವರು ನೋಡುತ್ತಾ ಕೂರಲಿ. ‘ಹೇಗಿದ್ದೀಯ, ಓದ್ತಿದ್ದೀಯ’ ಎಂಬ ಎರಡು ಮಾತಿಗೇ ಮುಗಿದುಹೋಗುವ ಕರೆಗೆ ‘ಆ ಗಡಿಯಾರದ ಲೆವೆಲ್ ದಾಟಿದ್ರಾ?’ ಎಂಬ ಮೂರನೆಯ ಮಾತು ಸೇರುತ್ತದೆ. ಮುಂದಿನ ರಜೆಯಲ್ಲಿ ಅಪ್ಪ ಮಗ ಬೇಕಾದ ಅಧ್ಯಾಯವನ್ನು ಆರಿಸಿಕೊಂಡು ಮತ್ತೆ ಆಡಬಹುದು. ನೀವು ಅವರ ಜಾಗ ಕಿತ್ತುಕೊಂಡಿಲ್ಲ, ಅವರು ಬರುವವರೆಗೆ ಬೆಚ್ಚಗಿಟ್ಟಿದ್ದೀರಿ.

ಮುಂದೆ ನಿಮಗೆ ಸಿಗುವುದು ಕುಕೂ ಗಡಿಯಾರದ ಲೋಕ. ನೀವು ಕೋಡಿಯ ಪಾತ್ರದಲ್ಲಿದ್ದರೆ ವಸ್ತುಗಳ ಕಾಲವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುವ ಶಕ್ತಿ ನಿಮ್ಮ ಕೈಗೆ ಬರುತ್ತದೆ. ಮುರಿದು ಬಿದ್ದದ್ದನ್ನು ಮೊದಲಿದ್ದಂತೆ ಮಾಡಿ ನೀವು ಹಿಡಿದು ನಿಲ್ಲುತ್ತೀರಿ, ಮಗ ಅದರ ಮೇಲೆ ದಾಟುತ್ತಾನೆ. ಓಡಿ ಜಿಗಿಯುವುದಕ್ಕಿಂತ ಅಲುಗದೆ ಹಿಡಿದಿರುವುದು ಮುಖ್ಯವಾದ ಇಂಥ ಜಾಗಗಳಲ್ಲಿ ನಿಮ್ಮ ಕೈ ಪಳಗುತ್ತದೆ. ಪಾತ್ರ ಒಗ್ಗದಿದ್ದರೆ ಆಟ ಮತ್ತೆ ತೆರೆಯುವಾಗ ಅದಲುಬದಲು ಮಾಡಿಕೊಳ್ಳಿ.

ಅತ್ತೆಯವರ ಮಾತಿಗೆ ಸಣ್ಣ ಉತ್ತರ: ಅವರ ಕಾಳಜಿ ತಪ್ಪಲ್ಲ. ಓದು ಮುಗಿದ ಮೇಲೆ, ದಿನ ಬಿಟ್ಟು ದಿನ, ಮುಕ್ಕಾಲು ಗಂಟೆ ಎಂದು ಇಟ್ಟುಕೊಳ್ಳಿ. ಆಟ ತಾನಾಗಿಯೇ ಉಳಿಸಿಕೊಳ್ಳುತ್ತಾ ಹೋಗುತ್ತದೆ. ಆದರೆ ದೊಡ್ಡ ಹೋರಾಟದ ನಡುವೆ ಟಿವಿ ಆರಿಸಬೇಡಿ, ‘ಇದು ಮುಗಿದ ಮೇಲೆ ಸಾಕು’ ಎಂದು ಮೊದಲೇ ಹೇಳಿ. ಒಂದು ದಿನ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊಮ್ಮಗ ಅಮ್ಮನಿಗೆ ಏನೋ ಹೇಳಿಕೊಡುತ್ತಿರುವುದನ್ನು ಅವರು ಕಣ್ಣಾರೆ ನೋಡಲಿ.

ಕೊನೆಯದಾಗಿ ಒಂದು ಕೆಲಸ, ಇದನ್ನು ತಪ್ಪದೆ ಮಾಡಿ. ಒಂದು ಭಾನುವಾರ ಮಗನನ್ನು ನಿಮ್ಮ ಮಷಿನ್ ಮುಂದೆ ಕೂರಿಸಿ. ಪಾಠ ಕಲಿಸಲು ಎಂದುಕೊಳ್ಳಬೇಡಿ, ಅವನ ಕಂಟ್ರೋಲರ್‌ಗೆ ಒಂದು ಚೀಲ ಹೊಲಿಯೋಣ ಬಾ ಎಂದು ಕರೆಯಿರಿ. ಬಾಬಿನ್ ಸುತ್ತಲಿ, ಸೂಜಿಗೆ ದಾರ ಪೋಣಿಸಲಿ, ಪೆಡಲ್ ತುಳಿಯಲಿ. ಅವನ ಕಾಲು ಒಂದು ಕಡೆ, ಕೈ ಒಂದು ಕಡೆ ಹೋಗುತ್ತದೆ. ಚಕ್ರ ಉಲ್ಟಾ ತಿರುಗುತ್ತದೆ, ದಾರ ಕಿತ್ತುಹೋಗುತ್ತದೆ. ಅವನು ತಲೆಯೆತ್ತಿ ನಿಮ್ಮ ಮುಖ ನೋಡುತ್ತಾನೆ. ಆಗ ನಿಮ್ಮ ಕೈ ತಾನಾಗಿ ಮುಂದೆ ಬರುತ್ತದೆ, ‘ಬಿಡು, ನಾನೇ ಮಾಡ್ತೀನಿ’ ಎನ್ನಲು. ತಡೆದುಕೊಳ್ಳಿ. ‘ಇನ್ನೊಂದ್ಸಲ ಪೋಣಿಸು, ಅವಸರ ಇಲ್ಲ’ ಅನ್ನಿ. ಮತ್ತೆ ಕಿತ್ತುಹೋದರೆ ಮತ್ತೆ ಅದೇ ಮಾತು. ಹೊಲಿಗೆ ಸೊಟ್ಟಗಿದ್ದರೂ ಆ ಚೀಲವನ್ನು ಬಿಚ್ಚಿ ತಿದ್ದಬೇಡಿ, ಹಾಗೇ ಇರಲಿ. ಅಪ್ಪ ತಂದ ಎರಡನೇ ಕಂಟ್ರೋಲರ್ ಅದರಲ್ಲೇ ಇರಲಿ.

ನಿಧಾನದವರಿಗಾಗಿ ಕಾಯುವುದು ಹೇಗೆಂದು ಅವನಿಗೆ ಇದುವರೆಗೆ ಯಾರೂ ಹೇಳಿಕೊಟ್ಟಿಲ್ಲ. ತನಗಾಗಿ ಅಮ್ಮ ಕಾದದ್ದನ್ನು ಮಷಿನ್ ಮುಂದೆ ಕೂತು ನೋಡಿದ ಹುಡುಗ ಟಿವಿ ಮುಂದೆ ಕೂತಾಗ ಅದೇ ಮಾತನ್ನು ಹುಡುಕಿಕೊಳ್ಳುತ್ತಾನೆ. ಮೊದಲ ದಿನವೇ ಸಿಗಲಿಕ್ಕಿಲ್ಲ. ಸಿಕ್ಕಿದ ದಿನ ನನಗೊಂದು ಪತ್ರ ಬರೆಯಿರಿ.